ಪೂಲ್ ಆಡುವ ಕೋಲು (ಕ್ಯೂ) ಹಿಂದಕ್ಕೆ ಜಗ್ಗುತ್ತಿದೆ, ಬುಡದ ಬೋಲ್ಟ್ ತೆಗೆಯಬಹುದಾ?

ಕೋಡಿಬಾಗ ಝೆರಾಕ್ಸ್:

ನಮಸ್ಕಾರ. ಕಾರವಾರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ರಾತ್ರಿ ಎಂಟೂವರೆಗೆ ಶಟರ್ ಎಳೆದು ಸೀದಾ ಪೂಲ್ ಟೇಬಲ್ಲಿಗೆ ಹೋಗುವ ಜಾತಿ ನಾನು. ಆರು ವರ್ಷ ಕ್ಲಬ್ಬಿನ ಕೋಲಿನಲ್ಲೇ ಆಡಿದೆ. ಸ್ವಂತದ್ದೊಂದು ಬೇಕು ಅಂತ ಆಸೆಯಾಗಿ ಹೋದ ತಿಂಗಳು ಮಡಗಾಂವಿಗೆ ಹೋಗಿ ಒಬ್ಬರಿಂದ ಹಳೇ ಕ್ಯೂ ತಗೊಂಡು ಬಂದೆ. ಎರಡು ತುಂಡಿನದು, ಮುಂದಿನ ತುಂಡು ಅಂದರೆ ಶಾಫ್ಟ್ ಮೇಪಲ್ ಮರದ್ದು, ನಡುವೆ ಸ್ಟೀಲ್ ಜಾಯಿಂಟ್, ಹಿಡಿಯುವ ಜಾಗದಲ್ಲಿ ದಾರ ಸುತ್ತಿದ್ದು. ನೋಡಲಿಕ್ಕೆ ಚಂದ. ಹತ್ತೊಂಬತ್ತು ಔನ್ಸ್ ಇದೆ ಅಂದಿದ್ದರು.

ಆಡಲಿಕ್ಕೆ ನಿಂತರೆ ಬೇರೆಯೇ ಕಥೆ. ಮೆತ್ತಗೆ ತಳ್ಳಿದರೂ ಬಿಳಿ ಚೆಂಡು ನಾನು ಅಂದುಕೊಂಡ ಜಾಗ ದಾಟಿ ಒಂದಡಿ ಮುಂದೆ ಹೋಗಿ ನಿಲ್ಲುತ್ತದೆ. ಉದ್ದದ ಹೊಡೆತಕ್ಕೆ ಕೈ ಹಿಂದೆ ಎಳೆದಾಗ ಯಾರೋ ಬುಡ ಹಿಡಿದು ಕೆಳಕ್ಕೆ ಜಗ್ಗಿದ ಹಾಗಾಗುತ್ತದೆ, ಟಿಪ್ (ಚೆಂಡಿಗೆ ತಾಗುವ ತುದಿ) ಮೇಲೇಳುತ್ತದೆ. ಸಂಶಯ ಬಂದು ಪಕ್ಕದ ದಿನಸಿ ಅಂಗಡಿಯ ತೂಕದ ಮಷಿನ್ ಮೇಲೆ ಎರಡೂ ತುಂಡು ಇಟ್ಟೆ. 596 ಗ್ರಾಂ! ಅಂದರೆ 21 ಔನ್ಸ್. 'ಇದನ್ನು ಕೇಜಿ ಲೆಕ್ಕದಲ್ಲಿ ತಂದ್ರಾ?' ಅಂತ ಅಂಗಡಿಯವನು ಕೇಳಿದ.

ಜೋಡಿಸಿ ತೋರುಬೆರಳಿನ ಮೇಲೆ ತೂಗಿಸಿದರೆ ಬುಡದಿಂದ 43 ಸೆಂಟಿಮೀಟರಿಗೆ ಸಮ ನಿಲ್ಲುತ್ತದೆ. ಕ್ಲಬ್ಬಿನ ಕೋಲು 47ಕ್ಕೆ ನಿಲ್ಲುತ್ತಿತ್ತು. ಬುಡದ ರಬ್ಬರ್ ಕಿತ್ತು ಟಾರ್ಚ್ ಬಿಟ್ಟರೆ ಒಳಗೆ ಆರು ಮೂಲೆಯ ಗುಂಡಿ ಇರುವ ಬೋಲ್ಟ್ ಹೊಳೆಯುತ್ತಿದೆ. ಜೋರಾಗಿ ಹೊಡೆದಾಗ ಅಲ್ಲಿಂದಲೇ ಕಿಟ್ ಕಿಟ್ ಅಂತ ಸದ್ದು ಬರುತ್ತದೆ.

ಅದನ್ನು ತೆಗೆದರೆ ತೂಕ ಇಳಿಯುತ್ತದೆ ಸರಿ, ಬ್ಯಾಲೆನ್ಸ್ ಎಷ್ಟು ಮುಂದೆ ಹೋಗುತ್ತದೆ? ಕ್ಲಬ್ಬಿನಲ್ಲಿ ಒಬ್ಬರು ಬೋಲ್ಟ್ ಮುಟ್ಟಬೇಡ, ಜಾಯಿಂಟ್ ಹತ್ತಿರ ಕೊರೆದು ಸೀಸ ಕರಗಿಸಿ ಹುಯ್ಯಿ ಅಂದರು. ಕೊಟ್ಟ ದುಡ್ಡು ನೆನಪಾಗಿ ಕೈ ನಡುಗಿತು. ಗೊತ್ತಿದ್ದವರು ಹೇಳಿ.

ಅಂಕೋಲಾ ಬ್ರೇಕರ್:

ತೆಗೆದು ಬಿಸಾಡಿ ಮಾರಾಯ್ರೇ. ನಾನು ಆಡುವುದು 18 ಔನ್ಸಿನಲ್ಲಿ. ಹಗುರ ಕ್ಯೂ ಆದರೆ ಸೈಡ್ ಹಾಕಿದಾಗ (ಚೆಂಡು ಗಿರಕಿ ಹೊಡೆಯಲಿ ಅಂತ ನಡು ಬಿಟ್ಟು ಪಕ್ಕಕ್ಕೆ ಹೊಡೆದಾಗ) ಬಿಳಿ ಚೆಂಡು ಆಚೀಚೆ ಸರಿಯುವುದೂ ಕಡಿಮೆಯಾಗುತ್ತದೆ.

ಸಿರ್ಸಿ ದೋಟಿ:

ತಡವಾಯಿತು, ಕ್ಷಮಿಸಿ. ಎರಡು ದಿನದಿಂದ ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುತ್ತಿದ್ದೆವು, ಮಳೆ ಬಿಟ್ಟಾಗಲೇ ಆಗಬೇಕಲ್ಲ.

ಮೊದಲು ಆ ಸೀಸ ಹುಯ್ಯುವ ಮಾತು ಮರೆತುಬಿಡಿ. ಕಾದ ಸೀಸ ಮರವನ್ನು ಒಳಗಿಂದ ಸುಡುತ್ತದೆ, ಅದರ ಹೊಗೆ ವಿಷ. ಅದೂ ಅಲ್ಲದೆ ಜಾಯಿಂಟ್ ಹತ್ತಿರ ಕೊರೆದರೆ ಕ್ಯೂ ಅಲ್ಲೇ ಮುರಿಯುತ್ತದೆ.

ಈಗ ಲೆಕ್ಕ. ನೀವು ಅಳತೆ ಸರಿಯಾಗಿ ಕೊಟ್ಟಿದ್ದೀರಿ, ಅದೇ ದೊಡ್ಡ ಉಪಕಾರ. ಸುಮ್ನೆ ಭಾರ ಭಾರ ಅನ್ನುವವರಿಗೆ ಏನು ಹೇಳುವುದು? 596 ಗ್ರಾಂ, 43 ಸೆಂಟಿಮೀಟರ್. ಎರಡನ್ನೂ ಗುಣಿಸಿದರೆ 25,628. ಬೋಲ್ಟ್ ಎರಡು ಔನ್ಸ್, ಅಂದರೆ ಸುಮಾರು 56 ಗ್ರಾಂ ಅಂದುಕೊಳ್ಳಿ. ಅದರ ನಡು ಬುಡದಿಂದ 8 ಸೆಂಟಿಮೀಟರ್ ಒಳಗಿದೆ ಅಂತಿಟ್ಟುಕೊಂಡರೆ 448. ಕಳೆದರೆ 25,180. ಇದನ್ನು ಉಳಿದ ತೂಕ 540ರಿಂದ ಭಾಗಿಸಿ: 46.6. ಬ್ಯಾಲೆನ್ಸ್ ಮೂರೂವರೆ ಸೆಂಟಿಮೀಟರ್ ಮುಂದೆ ಬರುತ್ತದೆ, ಸುಮಾರಾಗಿ ನಿಮ್ಮ ಕ್ಲಬ್ಬಿನ ಕೋಲಿನ ಜಾಗಕ್ಕೆ. ಜಾಸ್ತಿ ಪೂಲ್ ಕ್ಯೂಗಳು ಬುಡದಿಂದ 18, 19 ಇಂಚಿನ ಆಸುಪಾಸಿಗೆ ತೂಗುತ್ತವೆ. ನಿಮ್ಮದು ಈಗ 17 ಇಂಚಿಗೂ ಒಳಗಿದೆ. ಜಗ್ಗದೆ ಇನ್ನೇನು ಮಾಡುತ್ತದೆ?

ಇನ್ನೊಂದು ಮಜಾ ನೋಡಿ. ಅದೇ ಕ್ಯೂಗೆ, ಬೋಲ್ಟ್ ತೆಗೆದ ಮೇಲೆ, ಜಾಯಿಂಟ್ ಹತ್ತಿರ ಒಂದು ಔನ್ಸ್ ಸೇರಿಸಿದಿರಿ ಅಂದುಕೊಳ್ಳಿ. ಬ್ಯಾಲೆನ್ಸ್ ಮುಂದೆ ಹೋಗುವುದು ಒಂದೂಕಾಲು, ಒಂದೂವರೆ ಸೆಂಟಿಮೀಟರ್ ಅಷ್ಟೇ. ಅದೇ ಒಂದು ಔನ್ಸನ್ನು ಬುಡದಲ್ಲಿ ಹಾಕಿದರೆ ಎರಡು ಸೆಂಟಿಮೀಟರ್ ಹಿಂದೆ ಬರುತ್ತದೆ. ಬುಡದ ಗುಂಜಿಗೆ ಬಲ ಜಾಸ್ತಿ, ತೂಗುವ ಜಾಗದಿಂದ ಅದು ಹೆಚ್ಚು ದೂರ ಇರುವುದರಿಂದ. ಅಡಿಕೆ ಕೊಯ್ಯುವ ಫೈಬರ್ ದೋಟಿ ಎತ್ತಿದವರಿಗೆ ಇದು ಪುಸ್ತಕ ಓದದೆ ಗೊತ್ತು. ತುದಿಯ ಕತ್ತಿ ನೂರು ಗ್ರಾಂ ಹೆಚ್ಚಾದರೆ ನೆಲದಿಂದ ಎತ್ತಿ ನಿಲ್ಲಿಸುವಷ್ಟರಲ್ಲಿ ಭುಜ ಹೇಳಿಬಿಡುತ್ತದೆ. ಅದೇ ನೂರು ಗ್ರಾಂ ಕೈ ಹತ್ತಿರ ಇದ್ದರೆ ಲೆಕ್ಕಕ್ಕೇ ಬರುವುದಿಲ್ಲ.

ಬ್ರೇಕರ್ ಅವರು ಹೇಳಿದ್ದು ಸರಿಯಲ್ಲ. ಸೈಡ್ ಹೊಡೆದಾಗ ಬಿಳಿ ಚೆಂಡು ಗೆರೆ ಬಿಟ್ಟು ಸರಿಯುವುದು ಟಿಪ್ ಕಡೆಯ ಒಂದು ಗೇಣಿನ ತೂಕದಿಂದ. ಟಿಪ್ಪಿಗೂ ಚೆಂಡಿಗೂ ಭೇಟಿ ಒಂದು ಸೆಕೆಂಡಿನ ಸಾವಿರದಲ್ಲೊಂದೆರಡು ಪಾಲು. ಮುಂದೆ ಚೆಂಡಿಗೆ ಏನಾಯಿತು ಅಂತ ಬುಡದ ಬೋಲ್ಟಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಚೆಂಡು ಹೊರಟಾಗಿರುತ್ತದೆ. ಅದಕ್ಕೇ ಸರಿತ ಕಡಿಮೆ ಮಾಡುವ ಶಾಫ್ಟುಗಳ ತುದಿಯನ್ನು ಒಳಗಿಂದ ಕೊರೆದು ಹಗುರ ಮಾಡುತ್ತಾರೆ. ಬುಡವನ್ನಲ್ಲ.

ಬೋಲ್ಟ್ ತೆಗೆಯುವಾಗ ಒಂದು ಎಚ್ಚರಿಕೆ. ಹೊರದೇಶದ ಕ್ಯೂಗಳಲ್ಲಿ ಇಂಚಿನ ಅಳತೆ ಜಾಸ್ತಿ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವುದು ಮಿಲಿಮೀಟರಿನ ಅಲೆನ್ ಕೀ (ಆರು ಮೂಲೆಯ ಗುಂಡಿಗೆ ಹಾಕಿ ತಿರುಗಿಸುವ ಕೀ). 3/16 ಇಂಚು ಅಂದರೆ 4.76 ಮಿಲಿಮೀಟರ್; 5ರದ್ದು ಹೋಗುವುದಿಲ್ಲ, 4.5ರದ್ದು ಒಳಗೇ ತಿರುಗಿ ಮೂಲೆ ಸವೆಸುತ್ತದೆ. 5/16 ಇಂಚಿಗೆ 8 ಮಿಲಿಮೀಟರಿನದು ಕೆಲವು ಸಲ ಬಿಗಿಯಾಗಿ ಕೂರುತ್ತದೆ, ಆದರೆ ಸುತ್ತಿಗೆಯಿಂದ ಹೊಡೆದು ಕೂರಿಸಲು ಹೋಗಬೇಡಿ. ತೂತು ಆಳ ಇದ್ದರೆ ಉದ್ದ ಹಿಡಿಯ ಕೀ ಬೇಕು. ಬಿಗಿ ಅನ್ನಿಸಿದರೆ ಅಲ್ಲಿಗೇ ಬಿಡಿ, ಅಂಟು ಹಾಕಿರಬಹುದು. ಜೋರು ಮಾಡಿದರೆ ಬುಡ ಸೀಳುತ್ತದೆ.

ಕುಮಟಾ ಹಳೇ ಟೇಬಲ್:

ತಮಾ, ಕೀ ಕೈಗೆ ತಗೊಳ್ಳುವ ಮೊದಲು ಕ್ಯೂ ಎಲ್ಲಿ ಹಿಡಿಯುತ್ತಿ ಹೇಳು. ನಿನ್ನ ಎತ್ತರ ಎಷ್ಟು? ನಾನು ಸ್ನೂಕರಿನಿಂದ ಬಂದವ, 17 ಔನ್ಸಿನ ಆಶ್ ಮರದ ಕೋಲು. ಪೂಲಿನ ಚೆಂಡು ದೊಡ್ಡದು, 57 ಮಿಲಿಮೀಟರ್, ಸ್ನೂಕರಿನದು 52.5. ಅದಕ್ಕೆ ಪೂಲ್ ಕ್ಯೂ ಸ್ವಲ್ಪ ಭಾರ ಇರುವುದು ಸಹಜ. ಆದರೆ ಭಾರದ ಬಗ್ಗೆ ದೂರು ಹೇಳುವವರಲ್ಲಿ ಅರ್ಧ ಜನ ಕೈ ತಪ್ಪು ಜಾಗದಲ್ಲಿ ಇಟ್ಟಿರುತ್ತಾರೆ.

ಹೀಗೆ ಮಾಡು. ಹೊಡೆಯುವ ಭಂಗಿಯಲ್ಲಿ ಬಗ್ಗು. ಟಿಪ್ ಬಿಳಿ ಚೆಂಡಿಗೆ ತಾಗಿತೋ ಇಲ್ಲವೋ ಅನ್ನುವಷ್ಟು ಹತ್ತಿರ ಇಡು. ಆಗ ಮೊಣಕೈಯಿಂದ ಕೆಳಗೆ ಕೈ ಬಾವಿಗೆ ಬಿಟ್ಟ ಹಗ್ಗದ ಹಾಗೆ ನೆಟ್ಟಗೆ ಇಳಿದಿರಬೇಕು. ಯಾರಿಗಾದರೂ ಹೇಳಿ ಪಕ್ಕದಿಂದ ಫೋಟೋ ತೆಗೆಸು, ನಮಗೆ ನಮ್ಮ ಕೈ ಕಾಣುವುದಿಲ್ಲ. ಗಿಡ್ಡ ಇದ್ದವರು ಮುಂದೆ ಹಿಡಿಯಬೇಕು, ಅದರಲ್ಲಿ ನಾಚಿಕೆ ಇಲ್ಲ.

ಮತ್ತೆ, ಈ ಮಳೆಯಲ್ಲಿ ಶಾಫ್ಟ್ ಸಮುದ್ರದ ಗಾಳಿ ಕುಡಿದು ಅಂಟು ಅಂಟು ಆಗಿರುತ್ತದೆ. ಕೈಯಲ್ಲಿ ಓಡದಿದ್ದರೂ ಕ್ಯೂ ಭಾರ ಅನ್ನಿಸುತ್ತದೆ. ಒಣಬಟ್ಟೆಯಿಂದ ಬಿಸಿ ಆಗುವವರೆಗೆ ತಿಕ್ಕು. ಗೋಡೆಗೆ ಒರಗಿಸಿ ಇಡಬೇಡ, ಬಿಸಿಲಲ್ಲಿ ಬೈಕಿಗೆ ಕಟ್ಟಿ ಬಿಡಬೇಡ.

ಕೋಡಿಬಾಗ ಝೆರಾಕ್ಸ್:

ಕುಮಟಾದವರೇ, ನನ್ನ ಎತ್ತರ 5 ಅಡಿ 3 ಇಂಚು. ನೀವು ಕೇಳಿದಾಗಲೇ ಅರ್ಧ ಉತ್ತರ ಸಿಕ್ಕಿತು. ಫೋಟೋ ನೋಡಿ ನನಗೇ ನಗು ಬಂತು. ದಾರ ಮುಗಿಯುವಲ್ಲಿ, ಬುಡದ ಹತ್ತಿರ ಹಿಡಿದಿದ್ದೆ. ಟಿವಿಯಲ್ಲಿ ಎತ್ತರದವರು ಹಾಗೆ ಹಿಡಿಯುವುದು ನೋಡಿ ಬಂದ ಚಾಳಿ ಇರಬೇಕು. ಕೈ ಎಂಟು ಸೆಂಟಿಮೀಟರ್ ಮುಂದೆ ತಂದೆ. ಜಗ್ಗುವುದು ಕಡಿಮೆಯಾಯಿತು, ಹೋಗಲಿಲ್ಲ. ಮೆತ್ತಗಿನ ಹೊಡೆತ ಹಾಗೇ ಉಳಿಯಿತು.

ಹತ್ತು ದಿನ ತಾಳಿದೆ. ಆಮೇಲೆ ಬೋಲ್ಟ್.

ಸಿರ್ಸಿಯವರು ಹೇಳಿದ ಹಾಗೇ ಆಯಿತು. ಮೂರು ಅಂಗಡಿ ಸುತ್ತಿದರೂ ಮಿಲಿಮೀಟರಿನ ಕೀಗಳೇ. ಕೊನೆಗೆ ಬೈತಖೋಲದ ಕಡೆ ಬೋಟಿನ ಇಂಜಿನ್ ರಿಪೇರಿ ಮಾಡುವವರ ಹತ್ತಿರ ಹೋದೆ. ಹಳೇ ಇಂಜಿನ್ನುಗಳಲ್ಲಿ ಇಂಚಿನ ಬೋಲ್ಟ್ ಇರುತ್ತವಂತೆ, ಗ್ರೀಸ್ ಮೆತ್ತಿದ ಒಂದು ಚೀಲ ಸುರಿದರು. ನಾಲ್ಕನೆಯದು ಟಕ್ ಅಂತ ಕೂತಿತು. ಬುಡವನ್ನು ಹಳೇ ಲುಂಗಿಯಲ್ಲಿ ಸುತ್ತಿ ನಾನು ಹಿಡಿದೆ, ಅವರು ತಿರುಗಿಸಿದರು. ಬಿಗಿ ಇರಲೇ ಇಲ್ಲ. ಎರಡು ಬೆರಳಿನ ಬಲಕ್ಕೆ ಬಂತು. ಬೋಲ್ಟಿನ ಹಿಂದೆಯೇ ಏನೋ ಬಿಳಿ ಉಂಡೆ ನೆಲಕ್ಕೆ ಬಿತ್ತು. ಬಿಡಿಸಿದರೆ ಬಸ್ ಟಿಕೆಟ್! ನಾಲ್ಕೈದು ಟಿಕೆಟ್ ಒಟ್ಟಿಗೆ ಸುರುಳಿ ಸುತ್ತಿದ್ದು, ಅಕ್ಷರ ಅಳಿಸಿಹೋಗಿವೆ. ಹಿಂದೆ ಯಾರೋ ಸದ್ದು ನಿಲ್ಲಿಸಲು ತುರುಕಿದ್ದು. ಕಾಗದ ಚಪ್ಪಟೆಯಾಗಿ ಬೋಲ್ಟ್ ಸಡಿಲವಾಗಿ ನನಗೆ ಕಿಟ್ ಕಿಟ್ ಕೇಳಿಸುತ್ತಿತ್ತು.

ಬೋಲ್ಟನ್ನು ಪೇಟೆಯ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದೆ. ಗಾಜಿನ ಡಬ್ಬದೊಳಗಿನ ಆ ಚಿಕ್ಕ ತಟ್ಟೆ ಮೇಲೆ ಗ್ರೀಸ್ ಬೋಲ್ಟ್ ಇಡಲು ಅವರು ಒಪ್ಪಲಿಲ್ಲ. ಕಾಗದ ಹಾಸಿ ಇಟ್ಟರು. 57 ಗ್ರಾಂ. ಕ್ಯೂ ಈಗ 539. ಬೆರಳಿನ ಮೇಲೆ 46.5ಕ್ಕೆ ನಿಂತಿತು. ಸಿರ್ಸಿಯವರ ಲೆಕ್ಕ 46.6. ನಾನು ಅಂಗಡಿಯಲ್ಲಿ ಒಬ್ಬನೇ ನಿಂತು 'ಹೋಯ್' ಅಂದೆ.

ಮೆತ್ತಗಿನ ಹೊಡೆತ ಅವತ್ತೇ ಕೈಗೆ ಬಂತು. ಮೂಲೆಗೆ ಚೆಂಡು ಇಳಿಸಿ ಬಿಳಿಯನ್ನು ಅಲ್ಲೇ ನಿಲ್ಲಿಸುವುದು ನನಗೆ ಯಾವಾಗಲೂ ಅದೃಷ್ಟದ ಆಟ ಆಗಿತ್ತು, ಈಗ ಹತ್ತರಲ್ಲಿ ಆರು ಸಲ ನಿಲ್ಲುತ್ತದೆ. ಆದರೆ ಬ್ರೇಕ್, ಅಂದರೆ ಆಟ ಶುರು ಮಾಡುವ ಮೊದಲ ಹೊಡೆತ, ಸತ್ತೇ ಹೋಯಿತು. ಚೆಂಡುಗಳು ಒಡೆದು ಹರಡುವ ಬದಲು ಮದುವೆ ಮನೆಯ ನೆಂಟರ ಹಾಗೆ ಅಲ್ಲೇ ಗುಂಪು ಕಟ್ಟಿ ನಿಲ್ಲುತ್ತವೆ.

ಮತ್ತೆ ಬೈತಖೋಲಕ್ಕೆ ಹೋದೆ. ಲೇತಿನವರು ಬೋಲ್ಟನ್ನು ನಡುವೆ ಕತ್ತರಿಸಿ ಒಂದು ತುಂಡಿಗೆ ಹೊಸ ಗುಂಡಿ ಮಾಡಿಕೊಟ್ಟರು. 28 ಗ್ರಾಂ. ತೂತಿನ ಆಳಕ್ಕೆ ಹಾಕಿದರೆ ಬ್ಯಾಲೆನ್ಸ್ 44.8, ಬಾಯಿ ಹತ್ತಿರ ಹಾಕಿದರೆ 44.4. ನಾಲ್ಕು ಸೆಂಟಿಮೀಟರಲ್ಲ, ನಾಲ್ಕು ಮಿಲಿಮೀಟರ್. ಅದಕ್ಕೆ ನಾನು ಒಂದು ಸಂಜೆ ಹಾಳು ಮಾಡಿದೆ. ನಾಲ್ಕು ರಾತ್ರಿ ಹಾಗೆ ಆಡಿದೆ. ಬ್ರೇಕ್ ಸ್ವಲ್ಪ ಸುಧಾರಿಸಿತು, ಮೆತ್ತಗಿನ ಕೈ ಸ್ವಲ್ಪ ಕೆಟ್ಟಿತು. ಇದೇನು ಮಧ್ಯದ ದಾರಿ ಅಂತ ಬೇಜಾರಾಗಿ ಅದನ್ನೂ ತೆಗೆದೆ.

ಈಗ ಬ್ರೇಕ್ ಹೊಡೆಯುವುದು ಕ್ಲಬ್ಬಿನ ಹಳೇ ಕೋಲಿನಲ್ಲಿ. ಉಳಿದ ಆಟ ನನ್ನದರಲ್ಲಿ. ಇದು ಸರಿಯಾ, ಅಥವಾ ನಗುತ್ತೀರಾ?

ಸಿರ್ಸಿ ದೋಟಿ:

ನಗುವುದೆಂಥದ್ದು? ದೊಡ್ಡ ಆಟಗಾರರೂ ಬ್ರೇಕ್‌ಗೆ ಬೇರೆ ಕ್ಯೂ ಇಟ್ಟುಕೊಳ್ಳುತ್ತಾರೆ. ನಿಮ್ಮ ಟಿಪ್ ಅಣಬೆಯ ಹಾಗೆ ಅಗಲ ಆಗುವುದೂ ತಪ್ಪುತ್ತದೆ. ಆದರೆ ಒಂದು ಮಾತು. ಬ್ರೇಕ್ ಸತ್ತಿದ್ದು ಪೂರ್ತಿ ತೂಕದಿಂದ ಅಲ್ಲ. ಹಗುರ ಕ್ಯೂ ಬೇಗ ಬೀಸಲಿಕ್ಕೆ ಬರುತ್ತದೆ, ಎಷ್ಟೋ ಜನ ಹಗುರದ್ದರಲ್ಲೇ ಜೋರು ಒಡೆಯುತ್ತಾರೆ. ನಿಮ್ಮ ಕೈ 21ರ ವೇಗಕ್ಕೆ ಒಗ್ಗಿತ್ತು, 19ಕ್ಕೂ ಅದೇ ವೇಗ ಕೊಟ್ಟಿತು. ತಿಂಗಳು ಬಿಟ್ಟು ಒಮ್ಮೆ ನಿಮ್ಮದರಲ್ಲೇ ಹೊಡೆದು ನೋಡಿ.

ಖಾಲಿ ತೂತಿನ ಬಾಯಿಗೆ ರಬ್ಬರ್ ಹಾಕುವ ಮೊದಲು ಸ್ವಲ್ಪ ಸ್ಪಂಜು ತುರುಕಿ. ಬಸ್ ಟಿಕೆಟ್ ಬೇಡ.

ಕುಮಟಾ ಹಳೇ ಟೇಬಲ್:

ತಮಾ, ಕೈ ಮತ್ತೆ ಹಿಂದೆ ಜಾರಿರುತ್ತದೆ, ವಾರಕ್ಕೊಮ್ಮೆ ಫೋಟೋ ತೆಗೆಸು. ಆಡುವ ಉತ್ಸಾಹದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಕೋಡಿಬಾಗ ಝೆರಾಕ್ಸ್:

ದಾರದ ಮೇಲೆ ಕೈ ಇರಬೇಕಾದಲ್ಲಿ ಒಂದು ಸುತ್ತು ಕೆಂಪು ಟೇಪ್ ಹಾಕಿದ್ದೇನೆ ಸರ್. ಜಾರಿದರೆ ಕಿರುಬೆರಳಿಗೆ ತಾಗುವುದಿಲ್ಲ, ಆಗ ಗೊತ್ತಾಗುತ್ತದೆ. ಬೋಲ್ಟಿನ ಎರಡು ತುಂಡು ಈಗ ಕೌಂಟರ್ ಮೇಲೆ ಆಧಾರ್ ಕಾಪಿಗಳ ಮೇಲೆ ಕೂತಿವೆ. ಮಳೆಗಾಳಿಗೆ ಇದಕ್ಕಿಂತ ಒಳ್ಳೆಯ ಗುಂಡು ನನಗೆ ಸಿಕ್ಕಿರಲಿಲ್ಲ.

ಅಂಕೋಲಾ ಬ್ರೇಕರ್:

ಒಂದು ತುಂಡು ನನಗೆ ಕೊಡ್ತೀರಾ? ನನ್ನ 18ರಲ್ಲಿ ಈಚೆಗೆ ಬ್ರೇಕ್ ಒಡೆಯುತ್ತಿಲ್ಲ.

ಕೋಡಿಬಾಗ ಝೆರಾಕ್ಸ್:

ಬಿಸಾಡಿ ಅಂದವರು ನೀವೇ ಅಲ್ವಾ! ಬನ್ನಿ, ಕೊಡ್ತೇನೆ. ಬರುವಾಗ ನಿಮ್ಮ ಕ್ಯೂ ತನ್ನಿ, ಥ್ರೆಡ್ ಕೂರುತ್ತದೋ ನೋಡಬೇಕು. ಎಂಟೂವರೆ ಒಳಗೆ ಬನ್ನಿ, ಆಮೇಲೆ ನಾನು ಅಂಗಡಿಯಲ್ಲಿ ಇರುವುದಿಲ್ಲ.