ಸೆಳೆತವಿರುವಲ್ಲಿ ಮುಳುಗಿದ ಹಡಗನ್ನು ನೋಡಿ ಸುರಕ್ಷಿತವಾಗಿ ಮೇಲೆ ಬರುವುದು ಹೇಗೆ?

ಮಂಡ್ಯದಿಂದ ಬಂದ ಪ್ರಶ್ನೆ:

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಕಲಿತು, ಅದರ ಮುಂದಿನ ಹಂತದ ತರಬೇತಿಯನ್ನೂ ಮುಗಿಸಿದ್ದೇನೆ. ಬರುವ ಮೇ ತಿಂಗಳಲ್ಲಿ ಗೆಳೆಯನೊಂದಿಗೆ ಶ್ರೀಲಂಕಾದ ಪೂರ್ವ ಕರಾವಳಿಗೆ ಹೋಗಿ, ಅಲ್ಲಿ ಮುಳುಗಿರುವ ‘ಬ್ರಿಟಿಷ್ ಸಾರ್ಜೆಂಟ್’ ಎಂಬ ತೈಲ ಹಡಗನ್ನು ನೋಡಬೇಕೆಂದಿದ್ದೇನೆ. ಸೆಳೆತ ಜೋರಾಗಿದ್ದರೆ ಮೇಲೆ ಬರುವುದು ಹೇಗೆ, ಇಳಿಯಲು ಬಳಸಿದ ಹಗ್ಗ ಮತ್ತೆ ಸಿಗದಿದ್ದರೆ ಏನು ಮಾಡಬೇಕು, ಸಿಲಿಂಡರಿನಲ್ಲಿ ಎಷ್ಟು ಗಾಳಿ ಇರುವಾಗ ತಳ ಬಿಡಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಿಕೊಡಿ.

ಮೈಸೂರಿನ ಕುವೆಂಪುನಗರದಿಂದ:

ನಿಮ್ಮ ಅಳುಕು ಸಕಾರಣವಾದದ್ದು. 1942ರ ಏಪ್ರಿಲ್ 9ರಂದು ಜಪಾನಿನ ವಿಮಾನಗಳು ಹರ್ಮೀಸ್ ಎಂಬ ವಿಮಾನವಾಹಕ ನೌಕೆಯನ್ನು ಮುಳುಗಿಸಿದ ದಿನವೇ ನೀವು ಹೇಳುವ ತೈಲ ಹಡಗೂ ಮುಳುಗಿತು. ಅದು ಸುಮಾರು 24 ಮೀಟರ್ ಆಳದಲ್ಲಿದೆ, ನಿಮ್ಮ ತರಬೇತಿಯ ಮಿತಿಯೊಳಗೇ ಇದೆ. ಹರ್ಮೀಸ್ ಇರುವುದು ಸುಮಾರು 53 ಮೀಟರ್ ಆಳದಲ್ಲಿ. ಹವ್ಯಾಸಿಗಳ ಮಿತಿ 40 ಮೀಟರ್. ಅಲ್ಲಿಗೆ ಯಾರು ಎಷ್ಟೇ ಒತ್ತಾಯಿಸಿ ಕರೆದರೂ ಈಗ ಹೋಗಬೇಡಿ.

ಸೆಳೆತವಿರುವ ನೀರಿನಲ್ಲಿ ಮೇಲೆ ಬರುವ ದಾರಿಯನ್ನು ದೋಣಿಯಲ್ಲಿ ಕುಳಿತಾಗಲೇ ತೀರ್ಮಾನಿಸಿಕೊಂಡಿರಬೇಕು. ಮೊದಲು ಗಾಳಿಯ ಲೆಕ್ಕ. ನಿಮ್ಮ ಗೆಳೆಯನ ಗಾಳಿ ತಳದಲ್ಲೇ ಮುಗಿದು, ಇಬ್ಬರೂ ನಿಮ್ಮ ಒಂದೇ ಸಿಲಿಂಡರಿನಿಂದ ಉಸಿರಾಡುತ್ತಾ ಬರಬೇಕಾಯಿತೆಂದು ಭಾವಿಸಿ. ನೀರಿನ ಮೇಲಿನ ಲೆಕ್ಕದಲ್ಲಿ ಒಬ್ಬರಿಗೆ ನಿಮಿಷಕ್ಕೆ 20 ಲೀಟರ್, ಇಬ್ಬರಿಗೆ 40 ಲೀಟರ್. 25 ಮೀಟರ್ ಆಳದಲ್ಲಿ ಒತ್ತಡ ಮೂರೂವರೆ ಪಟ್ಟಾಗುವುದರಿಂದ ಅಲ್ಲಿ ಸುಧಾರಿಸಿಕೊಳ್ಳುವ ಎರಡು ನಿಮಿಷಕ್ಕೆ 280 ಲೀಟರ್ ಬೇಕು. 5 ಮೀಟರಿಗೆ ಏರುವ ಮೂರು ನಿಮಿಷಕ್ಕೆ 300, ಮೈಯಲ್ಲಿ ಕರಗಿದ ಸಾರಜನಕ ಹೊರಹೋಗಲೆಂದು ಅಲ್ಲಿ ನಿಲ್ಲುವ ಮೂರು ನಿಮಿಷಕ್ಕೆ 180, ಕೊನೆಯ ಏರಿಕೆಗೆ 50. ಒಟ್ಟು 810 ಲೀಟರ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 11 ಲೀಟರ್ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ ಇದು ಸುಮಾರು 74 ಬಾರ್ (ಸಿಲಿಂಡರಿನ ಗಾಳಿಯ ಒತ್ತಡದ ಅಳತೆ). ಗಾಬರಿಯಾದಾಗ ಉಸಿರಿನ ಖರ್ಚು ಇದಕ್ಕಿಂತ ಎಷ್ಟೋ ಹೆಚ್ಚುತ್ತದೆ. ಆದ್ದರಿಂದ ‘50 ಬಾರ್ ಉಳಿಸಿಕೊಂಡು ದೋಣಿ ಹತ್ತಿದರೆ ಸಾಕು’ ಎಂಬ ರೂಢಿಯ ಮಾತನ್ನು ಇಲ್ಲಿ ನಂಬಿಕೊಳ್ಳಬೇಡಿ. ಇಬ್ಬರಲ್ಲಿ ಯಾರ ಮಾಪಕ ಮೊದಲು 100 ಬಾರ್ ತೋರಿಸಿದರೂ ಇಬ್ಬರೂ ತಳ ಬಿಡಬೇಕು.

ಎರಡನೆಯದು ಹಗ್ಗ. ಇಳಿದ ಹಗ್ಗದಲ್ಲೇ ಹತ್ತಿ ಬರುವುದು ಎಲ್ಲಕ್ಕಿಂತ ಒಳ್ಳೆಯದು. ಹಾಗಾಗಿ ತಳ ಮುಟ್ಟಿದೊಡನೆ ಸೆಳೆತಕ್ಕೆ ಎದುರಾಗಿ ಹೊರಟು, ಮರಳುವಾಗ ಅದರೊಂದಿಗೆ ಬನ್ನಿ. ಹಡಗಿನ ಮರೆಯಲ್ಲಿ ನೀರು ಶಾಂತವಾಗಿರುತ್ತದೆ, ಆದರೆ ಆ ಶಾಂತಿಯನ್ನು ನೋಡಿ ಮೇಲಿನ ನೀರನ್ನು ಅಳೆಯಬಾರದು. ಹಡಗಿನ ಅಂಚು ದಾಟಿದ ಕ್ಷಣವೇ ಪೂರ್ತಿ ಸೆಳೆತ ಬಂದು ಬಡಿಯುತ್ತದೆ. ಕೈಗವಸು ಹಾಕಿಕೊಳ್ಳಿ, ಬಹುಕಾಲ ನೀರಿನಲ್ಲಿರುವ ಹಗ್ಗದ ಮೇಲೆ ಬೆಳೆದ ಚಿಪ್ಪುಗಳು ಅಂಗೈಯನ್ನು ಸೀಳುತ್ತವೆ. 5 ಮೀಟರಿನಲ್ಲಿ ನಿಲ್ಲುವಾಗ ಮೇಲಿನ ಅಲೆಗೆ ಹಗ್ಗ ಏರಿಳಿಯುತ್ತಾ ತೋಳನ್ನು ಜಗ್ಗುತ್ತದೆ. ಒಂದೂವರೆ ಎರಡು ಮೀಟರ್ ಉದ್ದದ ಚಿಕ್ಕ ಹಗ್ಗವೊಂದನ್ನು ಅದಕ್ಕೆ ಸುತ್ತಿ, ಅದರ ತುದಿಯನ್ನು ಕೈಯಲ್ಲಿ ಹಿಡಿದು ನಿಂತರೆ ಆ ಜಗ್ಗಾಟ ನಿಮ್ಮನ್ನು ತಟ್ಟುವುದಿಲ್ಲ, ಹಿಂದೆ ಬರುವವರಿಗೂ ಜಾಗ ಸಿಗುತ್ತದೆ.

ಹಗ್ಗ ಕಾಣದಿದ್ದರೆ ಒಂದು ನಿಮಿಷ ಹುಡುಕಿ, ಅಷ್ಟೇ. ಎದುರು ನೀರಿನಲ್ಲಿ ಈಜಿ ಅದನ್ನು ಬೆನ್ನಟ್ಟಿದರೆ ಏದುಸಿರು ಹತ್ತಿ, ಮೇಲೇರುವುದಕ್ಕೆ ಇಟ್ಟ ಗಾಳಿ ಅಲ್ಲೇ ಖರ್ಚಾಗುತ್ತದೆ. ಎಸ್‌ಎಂಬಿ ಎಂದು ಕರೆಯುವ ಉದ್ದನೆಯ ಕಿತ್ತಳೆ ಬಣ್ಣದ ಗಾಳಿಚೀಲವನ್ನು ಆಗ ಬಿಡಬೇಕು. ಹಡಗಿನ ಕಂಬಿ, ತಂತಿಗಳಿಂದ ದೂರ ಸರಿದು, ತಲೆಯ ಮೇಲೆ ಯಾರೂ ಇಲ್ಲವೆಂದು ನೋಡಿಕೊಂಡು, ಚೀಲದ ಬಾಯಿಗೆ ಸ್ವಲ್ಪ ಗಾಳಿ ಬಿಡಿ. 20 ಮೀಟರಿನಲ್ಲಿ ಮೂರನೇ ಒಂದು ಭಾಗ ತುಂಬಿದರೆ ಸಾಕು, ಮೇಲೆ ಹೋಗುವಷ್ಟರಲ್ಲಿ ಅದು ಮೂರು ಪಟ್ಟು ಹಿಗ್ಗಿ ಬಿಗಿಯಾಗುತ್ತದೆ. ಚೀಲದ ದಾರ ಸುತ್ತಿರುವ ಉರುಳೆ, ಅಂದರೆ ಸ್ಪೂಲ್, ಬೆರಳುಗಳ ನಡುವೆ ಸಲೀಸಾಗಿ ತಿರುಗುತ್ತಿರಲಿ. ಅದನ್ನು ಮೈಮೇಲಿನ ಯಾವ ಕೊಂಡಿಗೂ ಸಿಕ್ಕಿಸಬಾರದು. ದಾರ ಸಿಕ್ಕು ಬಿದ್ದರೆ ಚೀಲ ನಿಮ್ಮನ್ನೂ ಎಳೆದುಕೊಂಡೇ ಏರುತ್ತದೆ, ಆಗ ಕೈಬಿಡಲು ಸಾಧ್ಯವಿರಬೇಕು. ಜೊತೆಗಾರ ಒಂದು ಮೊಳದ ಅಂತರದಲ್ಲೇ ಇರಲಿ. ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರದೆ, ದಾರವನ್ನು ಬಿಗಿಯಾಗಿ ಸುತ್ತಿಕೊಳ್ಳುತ್ತಾ ಬನ್ನಿ. ನೀರಿನೊಂದಿಗೇ ತೇಲುತ್ತಿರುವುದರಿಂದ ಸೆಳೆತದ ಅರಿವೇ ಆಗುವುದಿಲ್ಲ. ನನ್ನ ಮಟ್ಟಿಗಂತೂ ಹಗ್ಗಕ್ಕೆ ಜೋತುಬಿದ್ದು ನಿಲ್ಲುವುದಕ್ಕಿಂತ ಇದೇ ನೆಮ್ಮದಿ.

ಈ ನೆಮ್ಮದಿಗೆ ಆಧಾರ ದೋಣಿಯವರು. ಒಂದು ನಾಟ್ ವೇಗದ ಸೆಳೆತ ನಿಮಿಷಕ್ಕೆ ಸುಮಾರು 30 ಮೀಟರ್ ಒಯ್ಯುತ್ತದೆ. ಎಂಟು ನಿಮಿಷದ ಏರಿಕೆಯಲ್ಲಿ ನೀವು ಹಡಗಿನಿಂದ ಕಾಲು ಕಿಲೋಮೀಟರಿನಷ್ಟು ದೂರ ಹೋಗಿರುತ್ತೀರಿ. ಚೀಲ ಕಂಡ ಕೂಡಲೇ ಅದನ್ನು ಹಿಂಬಾಲಿಸಲು ಎಂಜಿನ್ ಸಿದ್ಧವಿರುತ್ತದೆಯೇ, ಮೇಲೆ ನಿಗಾ ಇಡುವವರು ಯಾರು ಎಂದು ಹೊರಡುವ ಮುನ್ನವೇ ಕೇಳಿ. ತೃಪ್ತಿಕರವಾದ ಉತ್ತರ ಬಾರದಿದ್ದರೆ ಹಣ ಹೋದರೂ ಚಿಂತೆಯಿಲ್ಲ, ಆ ದಿನ ಇಳಿಯಬೇಡಿ. ಸೀಟಿ ಮತ್ತು ಚಿಕ್ಕ ಕನ್ನಡಿ ಜೇಬಿನಲ್ಲಿರಲಿ.

ಶ್ರೀರಂಗಪಟ್ಟಣದಿಂದ:

ಮೇಲಿನವರು ಹೇಳಿದ ‘ಎದುರಾಗಿ ಹೊರಡಿ’ ಎಂಬ ಮಾತಿಗೆ ನನ್ನದೂ ಸಹಮತವಿದೆ. ಕಾವೇರಿಯಲ್ಲಿ ಹರಿಗೋಲು ಹಾಕುವವರು ಆಚೆ ದಡದ ಗುರಿಗಿಂತ ಬಹಳ ಮೇಲಕ್ಕೆ ಹೋಗಿ ನೀರಿಗಿಳಿಯುವಂತೆ, ನೀವೂ ಸೆಳೆತ ಬರುವ ಕಡೆಗೆ, ಹಡಗಿಗಿಂತ ಮುಂಚೆಯೇ ನೀರಿಗಿಳಿದರೆ ಹಗ್ಗಕ್ಕೆ ಬಂದು ಸೇರುವುದು ಸುಲಭ. ಇನ್ನೊಂದು ಮಾತು: ಚೀಲ ಬಿಡುವುದನ್ನು ಸಮುದ್ರದಲ್ಲಿ ಮೊದಲ ಸಲ ಪ್ರಯತ್ನಿಸಬಾರದು. ನಾವು ಕೆಲವರು ಮೈಸೂರಿನ ಈಜುಕೊಳವೊಂದರಲ್ಲಿ, ಅಲ್ಲಿನವರ ಅನುಮತಿ ಪಡೆದು, ಮುಖವಾಡಕ್ಕೆ ಬಟ್ಟೆ ಕಟ್ಟಿಕೊಂಡು ಸ್ಪೂಲ್ ಬಿಚ್ಚುವುದನ್ನು ಕೈಗೆ ರೂಢಿಯಾಗುವ ತನಕ ಅಭ್ಯಾಸ ಮಾಡಿದ್ದೇವೆ. ಕಣ್ಣಿಗೆ ಕಾಣದಿದ್ದರೂ ಕೊಂಡಿ ಎಲ್ಲಿದೆ, ದಾರ ಯಾವ ಕಡೆಗೆ ಬಿಚ್ಚುತ್ತದೆ ಎಂಬುದು ಬೆರಳಿಗೇ ಗೊತ್ತಿರಬೇಕು. ಅಭ್ಯಾಸದ ವೇಳೆ ಬೋಧಕರೊಬ್ಬರು ಪಕ್ಕದಲ್ಲೇ ಇರಲಿ.

ಮತ್ತೆ ಮಂಡ್ಯದಿಂದ:

ಇಬ್ಬರಿಗೂ ಕೃತಜ್ಞತೆಗಳು. ಹೋಗುವ ಮುನ್ನ ನೇತ್ರಾಣಿಯಲ್ಲಿ ಒಂದು ಬೆಳಗ್ಗೆ ಎರಡು ಸಲ ಇಳಿದು ಇದನ್ನೆಲ್ಲ ಅಭ್ಯಾಸ ಮಾಡುತ್ತೇವೆ. ಅದೇ ಸಂಜೆ ಕಾರಿನಲ್ಲಿ ಊರಿಗೆ ಹೊರಟರೆ ತೊಂದರೆಯಿಲ್ಲವೇ?

ಕುವೆಂಪುನಗರದಿಂದ:

ತೊಂದರೆಯಿದೆ, ದಯವಿಟ್ಟು ಹಾಗೆ ಮಾಡಬೇಡಿ. ನೀರಿನಿಂದ ತಲೆ ಎತ್ತಿದ ಮೇಲೂ ರಕ್ತದಲ್ಲಿ ಕರಗಿದ ಸಾರಜನಕ ಹೊರಹೋಗುತ್ತಲೇ ಇರುತ್ತದೆ, ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಇಳಿದು ಅದು ಗುಳ್ಳೆಗಟ್ಟುವ ಅಪಾಯ ಹೆಚ್ಚುತ್ತದೆ. ಕರಾವಳಿಯಿಂದ ಘಟ್ಟ ಹತ್ತಿದರೆ ಮಂಡ್ಯ, ಮೈಸೂರುಗಳೆರಡೂ 600 ಮೀಟರಿಗಿಂತ ಎತ್ತರದಲ್ಲಿವೆ. ಒಂದಕ್ಕಿಂತ ಹೆಚ್ಚು ಸಲ ಮುಳುಗಿದವರು ವಿಮಾನ ಹತ್ತುವ ಮುನ್ನ ಕನಿಷ್ಠ 18 ಗಂಟೆ ಕಾಯಬೇಕೆಂಬ ಸಲಹೆ ಇಷ್ಟು ಎತ್ತರಕ್ಕೂ ಅನ್ವಯಿಸುತ್ತದೆ. ಆ ರಾತ್ರಿ ಮುರುಡೇಶ್ವರದಲ್ಲೇ ತಂಗಿ, ಮರುದಿನ ಬೆಳಗಿನ ತಿಂಡಿ ಮುಗಿಸಿ, ಗಂಟೆಯ ಲೆಕ್ಕ ನೋಡಿಕೊಂಡು ಹೊರಡಿ.