ಗರ್ಭ ತೆಗೆಸಲು ಗಂಡನ ಸಹಿ ಬೇಕೇ?

ಪ್ರಶ್ನೆ (ಹೆಸರು ಬೇಡ, ಗೋಕಾಕ ತಾಲ್ಲೂಕು): ನಮಸ್ಕಾರ ಮೇಡಂ. ನನ್ನ ಮಗುವಿಗೆ ಹತ್ತು ತಿಂಗಳು, ಸಿಸೇರಿಯನ್ ಆಗಿತ್ತು. ಇನ್ನೂ ಹಾಲು ಕುಡಿಸುತ್ತಿದ್ದೇನೆ, ಮುಟ್ಟು ಮರಳಿ ಬಂದೇ ಇರಲಿಲ್ಲ. ಮೊನ್ನೆ ಪರೀಕ್ಷೆ ಮಾಡಿಕೊಂಡರೆ ಎರಡು ಗೆರೆ. ಇನ್ನೊಂದು ಹೆರಿಗೆ ತಾಳಿಕೊಳ್ಳುವ ಶಕ್ತಿ ನನ್ನಲ್ಲಿಲ್ಲ. ಒಂದು ಖಾಸಗಿ ಆಸ್ಪತ್ರೆಯಲ್ಲಿ ಗಂಡನ ಸಹಿ ತರಲು ಹೇಳಿ ಕಳಿಸಿದರು. ಅವರು ಗೋವಾದಲ್ಲಿ ದುಡಿಯುತ್ತಾರೆ, ಊರಿಗೆ ಬರುವುದು ಹಬ್ಬಕ್ಕೆ. ಮೆಡಿಕಲ್ ಅಂಗಡಿಯಿಂದ ಗುಳಿಗೆ ತಂದು ಕೊಡುತ್ತೇನೆ ಎನ್ನುತ್ತಾಳೆ ನೆಗೆಣ್ಣಿ. ನುಂಗಬಹುದೇ?

ಉತ್ತರ (ಸ್ತ್ರೀರೋಗ ತಜ್ಞೆ, ಬೆಳಗಾವಿ): ತಾಯಿ, ಆ ಗುಳಿಗೆ ನುಂಗಬೇಡಿ. ಗುಳಿಗೆಯೇ ಕೆಟ್ಟದ್ದೆಂದಲ್ಲ, ಒಂಬತ್ತು ವಾರದೊಳಗೆ ನಾವೂ ಅದನ್ನೇ ಕೊಡುತ್ತೇವೆ. ಆದರೆ ಮುಟ್ಟೇ ಬಾರದೆ ಬಸಿರಾದ ನಿಮಗೆ ಎಷ್ಟು ವಾರವಾಯಿತೆಂದು ಲೆಕ್ಕ ಹಾಕುವುದು ಹೇಗೆ? ಸ್ಕ್ಯಾನಿಂಗ್ ಒಂದೇ ದಾರಿ. ಗರ್ಭ ಗರ್ಭಕೋಶದ ಬದಲು ನಳಿಕೆಯಲ್ಲಿ ನಿಂತಿದ್ದರೆ ಆ ಗುಳಿಗೆ ಕೆಲಸ ಮಾಡುವುದಿಲ್ಲ, ನಳಿಕೆ ಒಡೆದರೆ ಜೀವಕ್ಕೇ ಕುತ್ತು. ಸಿಸೇರಿಯನ್ನಿನ ಹೊಲಿಗೆಯ ಜಾಗದಲ್ಲಿ ಅಂಟಿಕೊಂಡಿದ್ದರೂ ಅಪಾಯ. ಅಂಗಡಿಯವನಿಗೆ ಇದಾವುದೂ ಕಾಣಿಸುವುದಿಲ್ಲ.

ಇನ್ನು ಸಹಿಯ ಮಾತು. 1971ರ ಕಾಯ್ದೆ ಕೇಳುವುದು ಹದಿನೆಂಟು ತುಂಬಿದ ಹೆಣ್ಣಿನ ಒಪ್ಪಿಗೆಯನ್ನು, ಗಂಡನದನ್ನಲ್ಲ. ಹದಿನೆಂಟು ತುಂಬದವರಿಗೆ, ಬುದ್ಧಿ ಸ್ವಾಧೀನದಲ್ಲಿ ಇಲ್ಲದವರಿಗೆ ಮಾತ್ರ ಪೋಷಕರ ಸಹಿ. ಮನೆಯವರ ಒಪ್ಪಿಗೆಯಂಥ, ಕಾಯ್ದೆಯಲ್ಲಿಲ್ಲದ ಷರತ್ತು ಹಾಕಬಾರದೆಂದು 2022ರಲ್ಲಿ ಸುಪ್ರೀಂ ಕೋರ್ಟ್ ವೈದ್ಯರಿಗೇ ಹೇಳಿದೆ. ಆದರೂ ನಮ್ಮವರು ಕೇಳುತ್ತಾರೆ, ನಾಳೆ ಗಂಡ ಬಂದು ಜಗಳ ತೆಗೆದಾನೆಂಬ ಭಯದಿಂದ. ಆ ಭಯದ ಬೆಲೆ ತೆರುವವಳು ಹೆಣ್ಣು. ಸಹಿಗಾಗಿ ತಿಂಗಳು ಕಾದು, ಕೊನೆಗೆ ಅಂಗಡಿಯ ಗುಳಿಗೆ ನುಂಗಿದವಳೊಬ್ಬಳು ರಾತ್ರಿ ನನ್ನಲ್ಲಿಗೆ ಬಂದಿದ್ದಳು. ಸೀರೆಯ ಒಳಗೆ ಸುತ್ತಿಕೊಂಡಿದ್ದ ಟವೆಲ್ ಹಿಂಡುವಷ್ಟು ತೊಯ್ದಿತ್ತು. ಆ ಕೈಯಲ್ಲಿ ಬಿಳಿಚಿದ ಉಗುರುಗಳು ಇನ್ನೂ ನನ್ನ ಕಣ್ಣಿಗೆ ಕಟ್ಟಿವೆ.

ಇಪ್ಪತ್ತು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ನಿಮ್ಮ ಹೆಸರು ಹೊರಗೆ ಹೋಗುವಂತಿಲ್ಲ; ಬಿಟ್ಟುಕೊಟ್ಟರೆ ಒಂದು ವರ್ಷದವರೆಗೆ ಜೈಲು.

ಪ್ರಶ್ನೆ (ವಿಜಯಪುರ): ಇಷ್ಟು ಸಲೀಸಾದರೆ ಹೆಣ್ಣು ಭ್ರೂಣ ತೆಗೆಸುವವರಿಗೂ ಅನುಕೂಲವಾಗುವುದಿಲ್ಲವೇ? ಅದೂ ಒಂದು ಜೀವವಲ್ಲವೇ?

ಉತ್ತರ: ಲಿಂಗ ಪತ್ತೆಯನ್ನು ತಡೆಯಲು 1994ರ ಬೇರೆ ಕಾಯ್ದೆಯಿದೆ, ಅದನ್ನು ಬಿಗಿಯಾಗಿ ಜಾರಿ ಮಾಡಲಿ. ಅದರ ಹೆಸರಿನಲ್ಲಿ ಈ ತಾಯಿಯನ್ನು ಬಾಗಿಲಲ್ಲಿ ನಿಲ್ಲಿಸುವುದು ಬೇಡ. ಜೀವದ ಪ್ರಶ್ನೆ ದೊಡ್ಡದು, ನಿಮ್ಮ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನಮ್ಮ ಬೆಳಗಾವಿಯ ಮಗಳು ಸವಿತಾ ಹಾಲಪ್ಪನವರ ಅವರನ್ನು ಮರೆಯಲಾರೆ. 2012ರ ಅಕ್ಟೋಬರ್, ಐರ್ಲೆಂಡಿನ ಗಾಲ್ವೇ. ಹದಿನೇಳು ವಾರದ ಗರ್ಭ ಉಳಿಯದೆಂದು ಗೊತ್ತಾಗಿತ್ತು. ತೆಗೆಯಿರೆಂದು ಆಕೆ ಕೇಳಿದರು. ಭ್ರೂಣದ ಎದೆಬಡಿತ ಇದೆಯೆಂದು ನಿರಾಕರಿಸಿದರು. ಸೋಂಕು ರಕ್ತಕ್ಕೆ ಏರಿ, 28ರಂದು ಆಕೆಯೂ ಹೋದರು. ಆ ದೇಶದ ಜನ 2018ರಲ್ಲಿ ಮತ ಹಾಕಿ ಗರ್ಭಪಾತಕ್ಕಿದ್ದ ನಿಷೇಧವನ್ನೇ ತೆಗೆದರು.

ಪ್ರಶ್ನೆ (ಗೋಕಾಕ ತಾಲ್ಲೂಕು): ಮೇಡಂ, ಹಾಲು ಬಿಡಿಸಬೇಕಾಗುತ್ತದೆಯೇ?

ಉತ್ತರ: ಸಾಮಾನ್ಯವಾಗಿ ಬೇಕಾಗುವುದಿಲ್ಲ. ನಾಳೆಯೇ ಸರ್ಕಾರಿ ಜಿಲ್ಲಾ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಹೋಗಿ, ಸಿಸೇರಿಯನ್ ಆದಾಗ ಕೊಟ್ಟ ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ಮಗುವನ್ನೂ ಕರೆದುಕೊಂಡು ಹೋಗಿ, ಸರದಿ ಬರುವುದು ತಡವಾದೀತು.