‘ಜೀರ್ಣೋದ್ಧಾರ’ ಎಂದರೆ ಸರಿಪಡಿಸುವುದೋ, ಕೆಡವಿ ಕಟ್ಟುವುದೋ?

ಗೆಳೆಯರಿಗೆ ನಮಸ್ಕಾರ.

ನಮ್ಮ ಸಾಗರ, ಸೊರಬ, ಹೊಸನಗರದ ಕಡೆ ‘ದೇವಸ್ಥಾನದ ಜೀರ್ಣೋದ್ಧಾರ’ ಎಂದು ಕರಪತ್ರ ಬಂದರೆ ಜನರಿಗೆ ಹೊಳೆಯುವ ಅರ್ಥ ಒಂದೇ. ಹಳೆಯ ಗುಡಿ ಬಿಚ್ಚಿ ಹೊಸದು ಕಟ್ಟುತ್ತಾರೆ. ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆ, ಮರದ ಕಂಬ ಹೋಗಿ ಕಾಂಕ್ರೀಟು, ಗ್ರಾನೈಟು ಬರುತ್ತದೆ. ಊರವರ ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಪದದ ಬಗ್ಗೆ ಮಾತ್ರ ಕೇಳಬೇಕಿದೆ.

ಹಳೆಯ ದಾನಶಾಸನಗಳಲ್ಲಿ ಈ ಪದ ಒಂಟಿಯಾಗಿ ಬರುವುದು ಕಡಿಮೆ. ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂದೇ ಬರುತ್ತದೆ. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ, ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟ ತೆಗೆದು ಶಿಕಾರಿಪುರ ತಾಲ್ಲೂಕಿನ ಭಾಗ ನೋಡಿ. ಬಳ್ಳಿಗಾವಿಯ ಶಾಸನಗಳೇ ರಾಶಿ ಇವೆ. ದೇವರ ಅಂಗಭೋಗಕ್ಕೆ (ಅಭಿಷೇಕ, ಅಲಂಕಾರ), ರಂಗಭೋಗಕ್ಕೆ (ಸಂಗೀತ, ನೃತ್ಯ), ತಪೋಧನರ (ತಪಸ್ವಿಗಳ) ಆಹಾರದಾನಕ್ಕೆ ಎಂದು ಭೂಮಿ ಬಿಡುವಾಗ ಅದೇ ಸಾಲಿನಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೂ ಎಂದು ಸೇರಿಸುವುದು ಆ ಕಾಲದ ರೂಢಿ.

ಖಂಡ ಎಂದರೆ ಮುರಿದದ್ದು. ಸ್ಫುಟಿತ ಎಂದರೆ ಬಿರುಕು ಬಿಟ್ಟದ್ದು. (ಇವತ್ತಿನ ‘ಸ್ಫುಟ’ಕ್ಕೆ ಸ್ಪಷ್ಟ ಎಂಬ ಅರ್ಥವಷ್ಟೇ ಉಳಿದಿದೆ. ಅದೂ ಒಡೆದು ತೆರೆದುಕೊಳ್ಳುವ ಅರ್ಥದಿಂದಲೇ ಬಂದದ್ದು.) ಅಂದರೆ ಇಲ್ಲಿ ಕಣ್ಣಿರುವುದು ಮುರಿದ ಆ ಕಲ್ಲಿನ ಮೇಲೆ, ಬಿರುಕು ಬಿಟ್ಟ ಆ ಗೋಡೆಯ ಮೇಲೆ. ಇದಕ್ಕೆ ಬಿಟ್ಟದ್ದು ವರ್ಷ ವರ್ಷವೂ ಆದಾಯ ಕೊಡುವ ಜಮೀನು ಎಂಬುದನ್ನೂ ಗಮನಿಸಬೇಕು. ಒಮ್ಮೆ ಮಾಡಿ ಮುಗಿಸುವ ಕೆಲಸ ಇದಲ್ಲ. ಪೂಜೆಯ ಹಾಗೆ ನಡೆಯುತ್ತಲೇ ಇರಬೇಕಾದದ್ದು. ಈ ಅರ್ಥ ನನಗೆ ತುಂಬಾ ಇಷ್ಟ.

ಇದಕ್ಕೆ ಎದುರು ಉದಾಹರಣೆಯೂ ಇದೆ. ಶಿವಮೊಗ್ಗದ ಹತ್ತಿರದ ಮಂಡಲಿಯ ಬಸದಿ ಮೊದಲು ಮರದ್ದಾಗಿತ್ತು, ಆಮೇಲೆ ಗಂಗ ಅರಸರು ಅದನ್ನು ಕಲ್ಲಿನಲ್ಲಿ ಕಟ್ಟಿಸಿದರು ಎಂದು ಶಾಸನವೇ ಹೇಳುತ್ತದೆ. ಇಂಥ ಹೊಸ ಕಟ್ಟಡಕ್ಕೂ ಆಗಿನವರು ಜೀರ್ಣೋದ್ಧಾರ ಎನ್ನುತ್ತಿದ್ದರೋ, ಬರೀ ‘ಮಾಡಿಸಿದ’ ಎಂದು ಬಿಡುತ್ತಿದ್ದರೋ? ಶಾಸನ ಓದಿ ಬಲ್ಲವರು ದಯವಿಟ್ಟು ತಿಳಿಸಿ.

ಹಳೆಯದನ್ನು ಉಳಿಸಿಕೊಂಡು ಸರಿಪಡಿಸುವುದಕ್ಕೆ ‘ಸಂರಕ್ಷಣೆ’ ಎಂಬ ಪದ ಇದೆಯಲ್ಲ ಎನ್ನಬಹುದು. ಅದು ತೀರಾ ಅಗಲದ ಪದ. ಅರಣ್ಯಕ್ಕೂ ಅದೇ, ಗ್ರಾಹಕರಿಗೂ ಅದೇ. ಬೇಲಿ ಹಾಕಿ ಪುರಾತತ್ವ ಇಲಾಖೆಯ ನೀಲಿ ಬೋರ್ಡು ನೆಟ್ಟರೂ ಸಂರಕ್ಷಣೆಯೇ. ಉಳಿಸಬೇಕಾದದ್ದು ಗುಡಿಯ ಆಕಾರವೊಂದನ್ನೇ ಅಲ್ಲ, ಅದು ಯಾವುದರಿಂದ ಆಗಿದೆಯೋ ಅದನ್ನೂ ಎಂಬ ಮಾತು ಅದರಲ್ಲಿ ಕೇಳುವುದಿಲ್ಲ. ಬಳ್ಳಿಗಾವಿಯ ಕೇದಾರೇಶ್ವರ ಗುಡಿ ಬಳಪದ ಕಲ್ಲಿನದು. ಅಷ್ಟು ಸಣ್ಣ ಕೆತ್ತನೆ ಆ ಮೆದು ಕಲ್ಲಿನಲ್ಲಿ ಆಗಿದ್ದು. ಅದನ್ನೇ ಗ್ರಾನೈಟಿನಲ್ಲಿ ಮಾಡಿದರೆ ಉಳಿ ಆಡಿದ ರೀತಿಯೇ ಬೇರೆಯಾಗುತ್ತದೆ. ಹಳೆಯ ಕಟ್ಟಡಗಳನ್ನು ಉಳಿಸುವ ಬಗೆಗಿನ ಅಂತರರಾಷ್ಟ್ರೀಯ ಸೂತ್ರಗಳಾದ 1964ರ ವೆನಿಸ್ ಸನ್ನದು, ಊಹೆ ಶುರುವಾಗುವ ಕಡೆ ಕಟ್ಟಡವನ್ನು ಮೊದಲಿನ ಸ್ಥಿತಿಗೆ ತರುವ ಕೆಲಸ (ರೆಸ್ಟೊರೇಶನ್) ನಿಲ್ಲಬೇಕು ಎಂದದ್ದೂ ಹಳೆಯ ವಸ್ತುವನ್ನೇ ಸಾಕ್ಷಿ ಎಂದು ನಂಬಿದ್ದರಿಂದ.

ಇದಕ್ಕಿಂತ ಜಾಸ್ತಿ ತೊಂದರೆ ಕೊಡುವ ಪದ ‘ಗಾರೆ’. ಹಿಂದೆ ಗಾರೆ ಎಂದರೆ ಸುಣ್ಣ, ಮರಳು. ಜೊತೆಗೆ ಇಟ್ಟಿಗೆ ಪುಡಿ, ಅಳಲೆಕಾಯಿ ನೀರು, ಬೆಲ್ಲವೂ ಸೇರುತ್ತಿತ್ತು. ಈಗ ಸಿಮೆಂಟಿನದೂ ಗಾರೆಯೇ. ಎಸ್ಟಿಮೇಟಿನಲ್ಲಿ ‘ಗಾರೆ ಕೆಲಸ’ ಎಂದಷ್ಟೇ ಬರೆದರೆ ಸಿಮೆಂಟ್ ಮೂಟೆ ಬಂದು ಬೀಳುತ್ತದೆ. ಮಲೆನಾಡಿನ ಮಳೆಗೆ ಇದು ಸಣ್ಣ ವಿಷಯವಲ್ಲ. ಜಂಬಿಟ್ಟಿಗೆ ನೀರು ಕುಡಿಯುವ ಕಲ್ಲು. ಸಂದಿನಲ್ಲಿ ಸುಣ್ಣವಿದ್ದರೆ ಕುಡಿದ ನೀರು ಆ ಸಂದಿನಿಂದಲೇ ಆರುತ್ತದೆ. ಸಿಮೆಂಟ್ ತುಂಬಿದರೆ ಆ ದಾರಿ ಮುಚ್ಚಿ, ನೀರು ಕಲ್ಲಿನ ಮೈಯಿಂದ ಹೊರಬರುತ್ತದೆ. ಜೊತೆಗೆ ಬಂದ ಉಪ್ಪು ಅಲ್ಲೇ ಹರಳುಗಟ್ಟಿ ಕಲ್ಲಿನ ಮುಖ ಪುಡಿಪುಡಿಯಾಗಿ ಉದುರುತ್ತದೆ. ಗೋಡೆ ಗಟ್ಟಿ ಮಾಡಲು ಹಾಕಿದ್ದೇ ಗೋಡೆಯನ್ನು ತಿನ್ನುತ್ತದೆ.

ಹಾಗಾಗಿ ಸುಣ್ಣದ ಗಾರೆಗೇ ಬೇರೆ ಹೆಸರು ನಿಮ್ಮ ಕಡೆ ಉಳಿದಿದೆಯಾ? ಅದನ್ನು ಅರೆಯುವ, ಹದ ಮಾಡುವ ಕೆಲಸಕ್ಕೆ ಹಳೆಯ ಮೇಸ್ತ್ರಿಗಳು ಏನೆನ್ನುತ್ತಾರೆ? ಹಳೆಯ ಕಲ್ಲು, ಮರ ಹಾಗೇ ಇಟ್ಟುಕೊಂಡು ಮಾಡುವ ದುರಸ್ತಿಗೆ ‘ಖಂಡಸ್ಫುಟಿತ’ವನ್ನೇ ಮತ್ತೆ ಬಳಕೆಗೆ ತರಬಹುದು ಎಂದು ನನಗೆ ಅನಿಸುತ್ತದೆ. ಊರ ಸಭೆಯಲ್ಲಿ ಆಡಲು ಅದು ಭಾರವಾಯಿತು ಎನ್ನುವವರು ತಿಳಿಗನ್ನಡದ ಪದ ಸೂಚಿಸಿ. ಕರಪತ್ರದಲ್ಲಿ ಅಚ್ಚು ಹಾಕಿಸುವಂಥದ್ದಾಗಿರಲಿ.